ಬಿಳಿ ಪಂಚೆಯ ಮೇಲೆ ಬಿದ್ದ ಬಿಸಿಲು

ನಾನು ರೈಟರ್ ಆಗಿದ್ದೆ ಎಂದರೆ ಈಗಿನ ಹುಡುಗರು ಕಥೆ ಬರೆಯುವವನು ಎಂದುಕೊಂಡುಬಿಡುತ್ತಾರೆ. ನಾನು ಕಾಫಿ ತೋಟದ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ಯಾವ ಬ್ಲಾಕಿಗೆ ಯಾರು ಎಂದು ಹಂಚುವುದು, ಅವರ ಹಿಂದೆ ದಿನವಿಡೀ ಗುಡ್ಡ ಹತ್ತಿ ಇಳಿಯುವುದು, ಸಾಯಂಕಾಲ ಧಣಿಗಳ ಮುಂದೆ ನಿಂತು ಬೈಸಿಕೊಳ್ಳುವುದು, ಇಷ್ಟೇ ಕೆಲಸ. ಅದರಲ್ಲಿ ಬರೆಯುವುದು ಬಹಳ ಕಡಿಮೆ. ಮೊನ್ನೆ ಶಶಿಕಲಾ ಫೋನ್ ಮಾಡಿ, ತೋಟಕ್ಕೆ ಇಬ್ಬರು ಹೊಸ ರೈಟರುಗಳು ಸೇರಿದ್ದಾರೆ, ಅವರು ತಿಳಿದಿರಬೇಕಾದ್ದನ್ನು ಬರೆದುಕೊಡಿ ಮಾಮ ಎಂದಳು. ಶಶಿಕಲಾ ಈಗ ಆ ತೋಟದ ಒಡತಿ. ನಾನು ಸೇರಿದಾಗ ಕಣದಲ್ಲಿ ಒಣಗಲು ಹಾಕಿದ ಕಾಫಿಯ ಮೇಲೆ ಓಡಿ ಅಜ್ಜಿಯ ಕೈಲಿ ಬೈಸಿಕೊಳ್ಳುತ್ತಿದ್ದ ಕೂಸು.

ಸಂಬಳ ಯಾವಾಗ ಏರಿತು, ಕೊನೆಗೆ ಯಾವ ಕುರ್ಚಿಯಲ್ಲಿ ಕೂತೆ ಎನ್ನುವುದು ಯಾರಿಗೂ ಬೇಡ. ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ಹೊಸಬರಿಗೆ ಅದು ಉಪಯೋಗಕ್ಕೆ ಬಂದರೂ ಬಂದೀತು.

ನಾನು ಕಡೂರು ತಾಲ್ಲೂಕಿನ ಸಿಂಗಟಗೆರೆಯವನು. ಕೆರೆ ತುಂಬಿದ ವರ್ಷ ಭತ್ತ, ಇಲ್ಲದ ವರ್ಷ ರಾಗಿ. ನಮ್ಮ ಹೊಲದ ಬದುವಿನ ಮೇಲೆ ಒಂದು ಹುಣಸೆ ಮರವಿತ್ತು. ಅದರ ನೆರಳು ಬಿದ್ದಷ್ಟು ಜಾಗದಲ್ಲಿ ರಾಗಿ ತೆನೆ ಕಟ್ಟುತ್ತಿರಲಿಲ್ಲ. ನಮ್ಮಪ್ಪ ಆ ಮರವನ್ನು ಕಳ್ಳ ಎಂದೇ ಕರೆಯುತ್ತಿದ್ದರು. ವರ್ಷಕ್ಕೊಮ್ಮೆ ಕೊಡಲಿ ಹಿಡಿದು ಹೋಗಿ ಅದರ ಕೊಂಬೆಗಳನ್ನು ಸವರಿ ಬಂದರೇ ಅವರಿಗೆ ಸಮಾಧಾನ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಡೂರಿನ ಒಂದು ಮಂಡಿಯಲ್ಲಿ ಕೂತಿದ್ದಾಗ, ಅಲ್ಲಿಗೆ ಮೆಣಸು ತರುತ್ತಿದ್ದ ಮಲ್ಲೇಶಪ್ಪನವರು ನನ್ನ ಅಕ್ಷರ ನೋಡಿ ತೋಟಕ್ಕೆ ಬರುತ್ತೀಯಾ ಎಂದು ಕೇಳಿದರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೀರೂರಿನಲ್ಲಿ ಬಸ್ಸು ಬದಲಿಸಿ, ಲಿಂಗದಹಳ್ಳಿಯಲ್ಲಿಳಿದು, ತಗಡಿನ ಟ್ರಂಕು ಹೆಗಲ ಮೇಲಿಟ್ಟುಕೊಂಡು ಗುಡ್ಡ ಹತ್ತಿದೆ.

ಬಿಸಿಲಲ್ಲಿ ಹುಟ್ಟಿ ಬೆಳೆದವನು ನಾನು. ತೋಟದ ಗೇಟು ದಾಟಿದ ಕೂಡಲೇ ಯಾರೋ ತಣ್ಣಗಿನ ಅಂಗೈಯನ್ನು ನೆತ್ತಿಯ ಮೇಲಿಟ್ಟ ಹಾಗಾಯಿತು. ಮೇಲೆ ಆಕಾಶವೇ ಇಲ್ಲ, ಬರೀ ಎಲೆ. ಎಲೆಗಳ ಸಂದಿಯಿಂದ ಬಂದ ಬೆಳಕು ಕಾಫಿ ಗಿಡಗಳ ಮೇಲೆ, ದಾರಿಯ ಮೇಲೆ, ನನ್ನ ಅಂಗಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಅಲ್ಲಾಡುತ್ತಿತ್ತು. ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ತಿಳಿಯದೆ ಸ್ವಲ್ಪ ಹೊತ್ತು ಹಾಗೇ ನಿಂತೆ. ಆಮೇಲೆ ನನ್ನೊಳಗೆ ನಮ್ಮಪ್ಪನ ಮಗ ಎಚ್ಚೆತ್ತ. ಇಷ್ಟೊಂದು ನೆರಳಲ್ಲಿ ಏನು ತಾನೇ ಬೆಳೆದೀತು ಎಂದುಕೊಂಡೆ.

ತೋಟ ಹೆಸರಿಗೆ ಶಶಿಕಲಾಳ ಅಪ್ಪ ಮಲ್ಲೇಶಪ್ಪನವರದು. ಆದರೆ ಅದನ್ನು ನಡೆಸುತ್ತಿದ್ದವರು ಅವರ ತಾಯಿ ಗಂಗಮ್ಮನವರು. ಊರಿಗೆಲ್ಲ ಅವರು ದೊಡ್ಡಮ್ಮ. ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಒಂದು ಪುಟ್ಟ ಕುಡುಗೋಲು, ಕಾಲಿಗೆ ಚಪ್ಪಲಿ ಇಲ್ಲ. ಅವರ ಅತ್ತೆಯ ಕಾಲಕ್ಕೆ ಅದು ಬರೀ ಕುರುಚಲು ಗುಡ್ಡವಂತೆ. ಆ ಅತ್ತೆ ಬಸರಿ, ಅತ್ತಿ ಮರಗಳ ತೋಳುಗಾತ್ರದ ಕೊಂಬೆ ಕಡಿದು ತಂದು ಗೂಟ ನೆಟ್ಟು ಚಿಗುರಿಸಿ, ಅವುಗಳ ಕೆಳಗೆ ಕಾಫಿ ಇಟ್ಟರಂತೆ. ಮರ ಮೇಲೆದ್ದು ನೆರಳು ಕೂಡುವ ಹೊತ್ತಿಗೆ ಆಕೆ ತೀರಿಕೊಂಡಿದ್ದರು. ಮೇಲಿನ ಇಳಿಜಾರಿಗೆ ಅತ್ತೆಮ್ಮನ ಬ್ಲಾಕು ಎಂದೇ ಹೆಸರು. ದೊಡ್ಡಮ್ಮ ಅಲ್ಲಿಗೆ ಹೋದಾಗಲೆಲ್ಲ ಮೊದಲು ಒಂದು ಮರಕ್ಕೆ ಅಂಗೈ ಆನಿಸಿ ಆಮೇಲೆ ಕೆಲಸದ ಮಾತು ಆಡುತ್ತಿದ್ದರು.

ಮೊದಲ ವರ್ಷವೇ ನಾನೊಂದು ಪೆದ್ದು ಕೆಲಸ ಮಾಡಿದೆ. ಗಿಡಗಳ ಬುಡದಲ್ಲಿ ಮೊಣಕಾಲುದ್ದ ಒಣಗೆಲೆ ಬಿದ್ದಿತ್ತು. ಹೊಲ ಹಸನಾಗಿರಬೇಕು ಎಂದು ಕಲಿತವನು ನಾನು. ಹತ್ತು ಹೆಣ್ಣಾಳು ಹಚ್ಚಿ ಎರಡು ದಿನ ಗುಡಿಸಿಸಿ, ನೆಲವನ್ನು ಕಣದ ಹಾಗೆ ಮಾಡಿ, ಹೊಗಳುತ್ತಾರೆಂದು ದೊಡ್ಡಮ್ಮನನ್ನು ಕರೆದುಕೊಂಡು ಬಂದೆ. ಅವರು ನೋಡಿದರು, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಗಿಡದ ಹೊದಿಕೆ ಕಿತ್ತುಕೊಂಡೆಯಲ್ಲೋ ಎಂದು ಹೇಳಿ, ಆ ಎಲೆಯನ್ನೆಲ್ಲ ನಾನೇ ಹೊತ್ತು ತಂದು ಬುಡಬುಡಕ್ಕೂ ಹಾಕಬೇಕೆಂದು ಕೂತರು. ಮೂರು ದಿನ ಹೊತ್ತೆ. ಹೆಣ್ಣಾಳುಗಳು ನನ್ನ ಎದುರೇ ನಗುತ್ತಿದ್ದರು.

ಇನ್ನು ಮರಗಸಿಯ ವಿಷಯ. ಮುಂಗಾರಿಗೆ ಮುಂಚೆ ನೆರಳು ಮರಗಳ ಕೊಂಬೆ ಸವರುವ ಕೆಲಸಕ್ಕೆ ಮರಗಸಿ ಎನ್ನುತ್ತಾರೆ. ನೆರಳು ಹೆಚ್ಚಾದರೆ ಮಳೆಗಾಲದಲ್ಲಿ ಕಾಫಿ ಕೊಳೆಯುತ್ತದೆ, ಕಡಿಮೆಯಾದರೆ ಬಿಸಿಲಿಗೆ ಸೊರಗುತ್ತದೆ. ಇದಕ್ಕಾಗಿ ಪ್ರತಿವರ್ಷ ಅಜ್ಜಂಪುರದ ಕಡೆಯ ಒಂದು ಹಳ್ಳಿಯಿಂದ ಹಾಲಪ್ಪ ಎಂಬಾತ ಬರುತ್ತಿದ್ದ. ನನಗಿಂತ ಐದಾರು ವರ್ಷ ದೊಡ್ಡವನು, ಕಡ್ಡಿಯಂಥ ಮೈ, ಮಾತು ಕಡಿಮೆ. ಸೊಂಟಕ್ಕೆ ಹಗ್ಗ, ಬೆನ್ನಿಗೆ ಕತ್ತಿ ಸಿಕ್ಕಿಸಿಕೊಂಡು ಮರ ಹತ್ತಿದನೆಂದರೆ ಮಧ್ಯಾಹ್ನದ ಊಟಕ್ಕೇ ಇಳಿಯುವುದು. ಕಡಿದ ಕೊಂಬೆಯನ್ನು ಹಗ್ಗ ಕಟ್ಟಿ ಮೆತ್ತಗೆ ಇಳಿಸುತ್ತಿದ್ದ. ಕೆಳಗಿನ ಕಾಫಿ ಗಿಡದ ಒಂದು ರೆಕ್ಕೆಯೂ, ಎಂದರೆ ಅಡ್ಡರೆಂಬೆಯೂ, ಮುರಿಯುತ್ತಿರಲಿಲ್ಲ.

ಯಾವ ಕೊಂಬೆ ಹೋಗಬೇಕು ಎಂದು ಹೇಳುವವರು ದೊಡ್ಡಮ್ಮ. ಅವರ ರೀತಿ ಹೀಗಿತ್ತು: ನಡುಹಗಲಿಗೆ ಗಂಡನ ಹಳೆಯ ಬಿಳಿ ಪಂಚೆಯೊಂದನ್ನು ತಂದು ಮರದ ಕೆಳಗೆ, ಎರಡು ಸಾಲು ಕಾಫಿಯ ನಡುವೆ ಹಾಸುವರು. ಪಕ್ಕದಲ್ಲಿ ಕೂತು ಅದರ ಮೇಲೆ ಬಿದ್ದ ಬಿಸಿಲನ್ನು ನೋಡುವರು. ಬೆಳಕಿನ ಚುಕ್ಕಿ ಕಾಸಗಲ ಇದ್ದರೆ ಸರಿ. ರೊಟ್ಟಿಯಗಲ ಇದ್ದರೆ ಅಲ್ಲಿ ಇನ್ನು ಕತ್ತಿ ತಾಗಿಸುವ ಹಾಗಿಲ್ಲ. ಚುಕ್ಕಿಯೇ ಇಲ್ಲದ ಕಡೆ ಕೊಂಬೆ ಹೋಗಬೇಕು. ಮೇಲಿದ್ದವನಿಗೆ ಕೆಳಗಿನ ಬೆಳಕು ತಿಳಿಯುವುದಿಲ್ಲ. ಹಾಲಪ್ಪ ಒಂದು ಕೊಂಬೆ ತೆಗೆದು, ಕತ್ತಿ ನಿಲ್ಲಿಸಿ, ಅಮ್ಮಾವ್ರೇ ಏನ್ ಕಾಣ್ತದೆ ಎಂದು ಕೂಗುತ್ತಿದ್ದ. ಅವರು ಕೂತಲ್ಲಿಂದಲೇ ಹೇಳುತ್ತಿದ್ದರು. ಗಾಳಿ ಬಂದಾಗ ಪಂಚೆಯ ಮೇಲೆ ಚುಕ್ಕಿಗಳೆಲ್ಲ ಒಟ್ಟಿಗೆ ಓಡಿ, ಒಟ್ಟಿಗೆ ವಾಪಸು ಬರುತ್ತಿದ್ದವು. ಅದನ್ನು ನೋಡುತ್ತ ನೋಡುತ್ತ ನನಗೆ ಎಷ್ಟೋ ಸಲ ಕೂತಲ್ಲೇ ತೂಕಡಿಕೆ ಬಂದದ್ದುಂಟು. ಮುದುಕಿಯ ಆಟ, ಒಂದು ದಿನದ ಕೆಲಸಕ್ಕೆ ಮೂರು ದಿನ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ.

ಮೂರನೇ ವರ್ಷ ದೊಡ್ಡಮ್ಮನ ಕಣ್ಣಿಗೆ ಪೊರೆ ಬಂತು. ಸರಿಯಾಗಿ ಮರಗಸಿಯ ಹೊತ್ತಿಗೆ ಆಪರೇಷನ್ ಆಗಿ, ತಿಂಗಳುಗಟ್ಟಲೆ ಹೊರಗೆ ಬರಬಾರದೆಂದಾಯಿತು. ಮಲ್ಲೇಶಪ್ಪನವರು ತಾಯಿಯ ಜೊತೆ ಆಸ್ಪತ್ರೆಗೆ ಓಡಾಡುತ್ತಿದ್ದರು. ಮಳೆ ಬರುವ ಮೊದಲು ಅತ್ತೆಮ್ಮನ ಬ್ಲಾಕು ಮುಗಿಸಿಬಿಡಿ ರೈಟ್ರೇ ಎಂದು ನನಗೆ ವಹಿಸಿದರು. ಪಂಚೆ ಬೀರುವಿನಲ್ಲಿದೆ, ತೆಗೆದುಕೋ ಎಂದು ದೊಡ್ಡಮ್ಮ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಹೇಳಿ ಕಳಿಸಿದರು. ನಾನು ತೆಗೆದುಕೊಳ್ಳಲಿಲ್ಲ.

ಮೊದಲ ಮರ ಹತ್ತಿದ ಹಾಲಪ್ಪ ಕೆಳಗೆ ನೋಡಿ, ಪಂಚೆ ಹಾಸಿ ರೈಟ್ರೇ ಎಂದ. ಬೇಡ, ನಾನು ಹೇಳಿದ್ದು ಕಡಿ ಎಂದೆ. ಇನ್ನೊಂದು ಸಲ ಹೇಳಿದ. ಇಲ್ಲಿ ರೈಟರ್ ಯಾರು, ನೀನೋ ನಾನೋ ಎಂದು ಗದರಿದೆ. ಅವನು ಕತ್ತಿ ಎತ್ತಿದ. ಒಂದೊಂದು ಕೊಂಬೆ ಬಿದ್ದಾಗಲೂ ಆಕಾಶ ಇಷ್ಟಿಷ್ಟೇ ತೆರೆಯುತ್ತಿತ್ತು. ನಮ್ಮಪ್ಪ ಹುಣಸೆ ಸವರಿ ಬಂದಾಗಿನ ಸಮಾಧಾನ ನನಗೂ ಆಗುತ್ತಿತ್ತು. ಒಂದು ವಾರದಲ್ಲಿ ಇಡೀ ಇಳಿಜಾರು ಸಿಂಗಟಗೆರೆಯ ಹೊಲದಂತೆ ಬೆಳ್ಳಗೆ ಹೊಳೆಯಿತು. ಕೂಲಿ ದಿನವೂ ಉಳಿದಿತ್ತು. ಏನು ಜಂಬ ನನಗೆ!

ಮುಂದಿನ ವರ್ಷ ನಡೆದದ್ದು ಈಗಲೂ ಕನಸಿನಲ್ಲಿ ಬರುತ್ತದೆ. ಕಾಫಿ ಅರಳಿಸುವ ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ಬೆಳಗ್ಗೆ ಎದ್ದು ಬಾಗಿಲು ತೆರೆದರೆ ಗಾಳಿಗೇ ಒಂದು ಸಿಹಿ ಹತ್ತಿತ್ತು. ಮಲ್ಲಿಗೆಗಿಂತ ತೆಳು, ಆದರೆ ಬಿಡದ ವಾಸನೆ. ಅತ್ತೆಮ್ಮನ ಬ್ಲಾಕಿನಲ್ಲಿ ಎಲೆಯೇ ಕಾಣುತ್ತಿರಲಿಲ್ಲ. ರೆಕ್ಕೆ ರೆಕ್ಕೆಗೂ ಬಿಳಿ ಹೂ, ಜೇನ್ನೊಣಗಳ ಮೊರೆತ ಇಳಿಜಾರಿನಿಂದ ಇಳಿಜಾರಿಗೆ ಹಬ್ಬಿತ್ತು. ಹೆಣ್ಣಾಳುಗಳು ಮಾತು ತಗ್ಗಿಸಿ ನಡೆಯುತ್ತಿದ್ದರು. ಬಿಸಿಲೇರಿ ತಲೆ ಹಗುರಾಗುವವರೆಗೂ ನಾನು ಆ ಬಿಳುಪಿನ ನಡುವೆ ಕೂತೇ ಇದ್ದೆ. ಫಸಲೂ ಹಾಗೇ ಬಂತು. ಕೊಯ್ದವರ ಬುಟ್ಟಿಗೆ ಹಿಡಿಸಲಿಲ್ಲ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ಬೆಳಗಿನಿಂದ ಸಂಜೆಯವರೆಗೂ ತಿರುಗಿತು. ಮಲ್ಲೇಶಪ್ಪನವರು ಬೆನ್ನು ತಟ್ಟಿದರು. ದೊಡ್ಡಮ್ಮ ದಪ್ಪ ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದರು. ಅವರು ಮಾತ್ರ ಅತ್ತೆಮ್ಮನ ಬ್ಲಾಕಿನ ಕಡೆಗೇ ಮುಖ ಮಾಡಿದ್ದರು.

ಅದರ ಮಾರನೇ ವರ್ಷ ಎಲೆ ಹಳದಿಯಾಯಿತು. ಬಿಸಿಲಿಗೆ ಮೈಯೊಡ್ಡಿ, ಶಕ್ತಿ ಮೀರಿ ಕಾಯಿ ಹೊತ್ತು ಗಿಡಗಳು ಸುಸ್ತಾಗಿದ್ದವು. ಬಿಸಿಲು ಬಿದ್ದ ಕಾಂಡವೆಂದರೆ ಬೋರರ್ ಹುಳುವಿಗೆ ಬಲು ಇಷ್ಟ. ತೊಗಟೆಯ ಮೇಲೆ ಬೆರಳಾಡಿಸಿದರೆ ಒಳಗೆ ಹುಳು ಕೊರೆದ ದಾರಿ ಏಣು ಏಣಾಗಿ ಸಿಗುತ್ತಿತ್ತು. ಒಂದು ಗಿಡ ಹಿಡಿದು ಅಲ್ಲಾಡಿಸಿದೆ, ನಡುವಿಗೆ ಲಟಕ್ಕೆಂದು ಮುರಿದು ಕೈಗೇ ಬಂತು. ಪಕ್ಕದ್ದೂ ಹಾಗೇ. ಮಲ್ಲೇಶಪ್ಪನವರು ನನ್ನ ಹಿಂದೆಯೇ ನಿಂತಿದ್ದರು. ಮೇಲೆ ನೋಡಿದರು, ಬೋಳು ಮರಗಳನ್ನು ಆಗಲೇ ಮೊದಲ ಸಲ ಕಂಡವರಂತೆ ನೋಡಿದರು. ಇಷ್ಟೊಂದು ಯಾಕೆ ಕಡಿಸಿದ್ದು ಎಂದು ಕೇಳಿದರು.

"ಹಾಲಪ್ಪನ ಕೈ ಒಂಚೂರು ಮುಂದೆ ಹೋಯ್ತು ಅಂತ ಕಾಣ್ಸುತ್ತೆ ಧಣಿ" ಎಂದೆ.

ಅಷ್ಟೇ ಮಾತು. ಯೋಚಿಸಿ ಆಡಿದ್ದಲ್ಲ, ಬಾಯಿಗೆ ಬಂತು, ಆಡಿಬಿಟ್ಟೆ. ಆದರೆ ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಮಲ್ಲೇಶಪ್ಪನವರು ಇನ್ನು ಬರಬೇಡ ಎಂದು ಹಾಲಪ್ಪನಿಗೆ ಹೇಳಿ ಕಳಿಸಿದರು. ತೋಟದವರ ನಡುವೆ ಇಂಥ ಸುದ್ದಿ ಬೇಗ ಓಡುತ್ತದೆ. ಮರ ಬೋಳು ಮಾಡುವವನು ಎಂದು ಹೆಸರಾಗಿ, ಆ ವರ್ಷ ಅವನನ್ನು ಸುತ್ತಲಿನ ಯಾವ ತೋಟದವರೂ ಕರೆಯಲಿಲ್ಲ. ನಮ್ಮಲ್ಲಿಗೆ ಬೇರೆ ಕಡೆಯವರು ಬಂದರು. ಉಳಿದ ಬ್ಲಾಕುಗಳ ಕೊಂಬೆಗಳನ್ನು ಧಡಧಡ ಬೀಳಿಸಿ, ಅಲ್ಲಿನ ಗಿಡಗಳನ್ನೂ ಮುರಿದು ಹೋದರು. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಊರಿಗೆ ಯಾವ ಮುಖ ಹೊತ್ತುಕೊಂಡು ಹೋಗಲಿ ಎಂಬ ಹೆದರಿಕೆ. ಹೇಡಿ ನಾನು, ಬೇರೆ ಮಾತಿಲ್ಲ.

ಒಂದು ಬೆಳಿಗ್ಗೆ ದೊಡ್ಡಮ್ಮ ತಮ್ಮನ್ನು ಅತ್ತೆಮ್ಮನ ಬ್ಲಾಕಿಗೆ ಕರೆದುಕೊಂಡು ಹೋಗು ಎಂದರು. ಆಪರೇಷನ್ ಆದ ಮೇಲೂ ಅವರಿಗೆ ದೃಷ್ಟಿ ಸರಿಯಾಗಿ ಬರಲಿಲ್ಲ. ಬೆಳಕು ತಿಳಿಯುತ್ತಿತ್ತು, ಅಂಚು ತಿಳಿಯುತ್ತಿರಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡು ಹತ್ತಿದರು. ಎಂದಿನಂತೆ ಮರಕ್ಕೆ ಅಂಗೈ ಆನಿಸಿದರು. ಮರ ಬಿಸಿಲಿಗೆ ಕಾದಿತ್ತು, ಕೈ ಹಿಂದಕ್ಕೆಳೆದುಕೊಂಡರು. ಆಮೇಲೆ ಬಗ್ಗಿ ಕಾಫಿ ಕಾಂಡಗಳನ್ನು ಒಂದೊಂದಾಗಿ ಸವರುತ್ತ ಕೇಳಿದರು.

"ಬಸಣ್ಣ, ಅವತ್ತು ಪಂಚೆ ಮೇಲೆ ಬಿಸಿಲು ಎಷ್ಟಗಲ ಇತ್ತೋ?"

ಕಾಸಗಲ ಇತ್ತು ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವರು ಮತ್ತೆ ಕೇಳುವವರಲ್ಲ, ನೋಡಿ ತಿಳಿಯಲು ಅವರಿಗೆ ಕಣ್ಣೂ ಇಲ್ಲ. ಆ ಮುದುಕಿಯ ಕೈ ಸತ್ತ ಗಿಡದ ಮೇಲೆ ಮೆಲ್ಲಗೆ ಓಡಾಡುತ್ತಿತ್ತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಪಂಚೆ ಹಾಸ್ಲೇ ಇಲ್ಲ ದೊಡ್ಡಮ್ಮ. ಹಾಲಪ್ಪ ಎರಡು ಸಲ ಹೇಳ್ದ. ನಾನೇ ಬೇಡ ಅಂದೆ. ಧಣೇರ ಹತ್ರ ಅವನ ಮೇಲೆ ಹಾಕ್ಬಿಟ್ಟೆ."

ಅವರು ಕಾಂಡದಿಂದ ಕೈ ತೆಗೆದು ನೆಟ್ಟಗೆ ನಿಂತರು. ಬೈದಿದ್ದರೆ ಚೆನ್ನಾಗಿತ್ತು.

"ಗಿಡ ಹೋದ್ರೆ ಇನ್ನೊಂದು ನೆಡಬೋದು ಕಣೋ. ಆ ಮನ್ಸನ ಹೆಸರು ತೆಗ್ದೆಯಲ್ಲ, ಅದನ್ನ ಎಲ್ಲಿಂದ ತರ್ತೀಯ?"

ಅಲ್ಲೇ ಸಾಲಿನ ನಡುವೆ ಕೂತು ಅತ್ತುಬಿಟ್ಟೆ. ಮನೆಗೆ ಬಂದು ಮಲ್ಲೇಶಪ್ಪನವರಿಗೂ ಹೇಳಿದೆ. ಅವರು ಟ್ರಂಕು ಕಟ್ಟು ಎಂದರು. ದೊಡ್ಡಮ್ಮ ಅಡ್ಡ ಬಂದರು. ಹಾಳು ಮಾಡಿದವನಿಗೇ ಆ ಜಾಗದ ಗುರುತು ಚೆನ್ನಾಗಿರುತ್ತದೆ, ಅವನೇ ಸರಿಮಾಡಲಿ, ಆದರೆ ಮೊದಲು ಹಾಲಪ್ಪನನ್ನು ಕರೆದುಕೊಂಡು ಬರಲಿ ಎಂದರು. ಇನ್ನೊಂದು ಮಾತನ್ನೂ ಸೇರಿಸಿದರು. ತಮ್ಮ ಯಜಮಾನರ ಪಂಚೆ ಇನ್ನು ಬೀರುವಿನಲ್ಲೇ ಇರಲಿ, ಇನ್ನು ಮುಂದೆ ಮರದ ಕೆಳಗೆ ಹಾಸುವುದು ನನ್ನ ಪಂಚೆ.

ತರೀಕೆರೆಗೆ ಹೋಗಿ ಅಲ್ಲಿಂದ ಅಜ್ಜಂಪುರದ ಬಸ್ಸು ಹಿಡಿದೆ. ಹಾಲಪ್ಪ ಮನೆಯ ಮುಂದೆ ಕೂತು ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದ. ಮರ ಹತ್ತುವ ಹಗ್ಗವಲ್ಲ, ದನದ ಹಗ್ಗ. ವರ್ಷವಿಡೀ ಅದೇ ಕೆಲಸವಂತೆ. ನಾನು ಹೇಳಬೇಕಾದ್ದನ್ನೆಲ್ಲ ನಿಂತೇ ಹೇಳಿದೆ, ಅವನ ಹೆಂಡತಿಯ ಎದುರೇ ಹೇಳಿದೆ. ತಪ್ಪಾಯ್ತು ಹಾಲಣ್ಣ ಎಂದೆ. ಅದುವರೆಗೆ ಅವನನ್ನು ನಾನು ಅಣ್ಣ ಎಂದು ಕರೆದಿರಲಿಲ್ಲ. ಅವನು ಹೊಸೆಯುವುದನ್ನು ನಿಲ್ಲಿಸಲಿಲ್ಲ. ಹಗ್ಗ ಒಂದು ಮಾರುದ್ದ ಬೆಳೆದ ಮೇಲೆ ಮಾತಾಡಿದ.

"ಬತ್ತೀನಿ. ಆದ್ರೆ ನಿಮ್ಮ ಮಾತಿಗೆ ನಾನಿನ್ನು ಕತ್ತಿ ಎತ್ತಲ್ಲ ಕಣ್ರೀ. ಅಮ್ಮಾವ್ರು ಹೇಳಿದ್ರೆ ಎತ್ತೀನಿ."

ಆಯಿತು ಎಂದೆ.

ಮಲ್ಲೇಶಪ್ಪನವರು ದೊಡ್ಡ ಮನುಷ್ಯರು. ಸುತ್ತಲಿನ ನಾಲ್ಕು ತೋಟಗಳಿಗೆ ತಾವೇ ಹೋಗಿ, ತಪ್ಪು ಹಾಲಪ್ಪನದಲ್ಲ, ನಮ್ಮ ರೈಟರದು ಎಂದು ಹೇಳಿ ಬಂದರು. ನಾನು ಜೊತೆಗೇ ಹೋಗಿ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಸತ್ತ ಗಿಡಗಳನ್ನು ಕಿತ್ತು ಸುಟ್ಟೆವು. ಮುಂಗಾರು ಹಿಡಿಯುತ್ತಿದ್ದಂತೆ ಬಸರಿ ಗೂಟಗಳನ್ನು ನಾನೇ ಹೊತ್ತೆ, ನೆತ್ತಿಗೆ ಸಗಣಿ ಮೆತ್ತಿ ನೆಟ್ಟೆ. ಅವು ಮರವಾಗುವವರೆಗೆ ಇರಲೆಂದು ನಡುನಡುವೆ ಬೇಗ ಬೆಳೆಯುವ ಹಾಲುವಾಣ ಹಾಕಿದೆವು. ಅದರ ಎಳೆ ನೆರಳಲ್ಲಿ ಹೊಸ ಕಾಫಿ ಸಸಿ ಇಟ್ಟೆವು. ನಮ್ಮಪ್ಪ ಒಮ್ಮೆ ನೋಡಲು ಬಂದವರು, ಮಗ ಹೊಲದಲ್ಲಿ ಮರ ನೆಡುತ್ತಿದ್ದಾನಲ್ಲ ಶಿವನೇ ಎಂದು ತಲೆ ಚಚ್ಚಿಕೊಂಡರು.

ಪ್ರತಿವರ್ಷ ಮರಗಸಿ ಹೀಗೆ ನಡೆಯುತ್ತಿತ್ತು. ನಾನು ನನ್ನ ಒಗೆದ ಪಂಚೆ ಹಾಸುತ್ತಿದ್ದೆ. ಪಕ್ಕದಲ್ಲಿ ದೊಡ್ಡಮ್ಮ. ಮೇಲಿನಿಂದ ಹಾಲಪ್ಪ, ಅಮ್ಮಾವ್ರೇ ಏನ್ ಕಾಣ್ತದೆ ಎನ್ನುವನು. ಅವರಿಗೆ ಏನೂ ಕಾಣುತ್ತಿರಲಿಲ್ಲ. ನಾನು ಅವರ ಕಿವಿಯಲ್ಲಿ, ಬಲಗಡೆ ಅಂಗೈಯಗಲ ಕತ್ತಲಿದೆ ದೊಡ್ಡಮ್ಮ ಎನ್ನುವೆ. ಅವರು ಗಂಟಲೆತ್ತಿ, ಬಲಗಡೆದು ತೆಗೀ ಹಾಲಪ್ಪ ಎನ್ನುವರು. ಕೊಂಬೆ ಇಳಿಯುತ್ತಿತ್ತು. ಈ ನಾಟಕ ಹಾಲಪ್ಪನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಅವನು ನನ್ನನ್ನು ನೇರವಾಗಿ ಒಮ್ಮೆಯೂ ಕೇಳಲಿಲ್ಲ. ಊಟಕ್ಕೆ ಜೊತೆಗೇ ಕೂರುತ್ತಿದ್ದ, ನನ್ನ ಮದುವೆಗೆ ಬಂದು ಉಂಡು ಹೋದ, ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದ. ಆದರೆ ಮರ ಹತ್ತಿದ ಮೇಲೆ ನಾನು ಅವನ ಪಾಲಿಗೆ ಇಲ್ಲ. ಹಗ್ಗದ ಮೇಲೆ ಜೀವ ಇಟ್ಟವನು ಕೆಳಗಿನ ಮಾತನ್ನು ನಂಬಬೇಕಲ್ಲ, ಆ ನಂಬಿಕೆಯನ್ನು ನಾನೇ ಕಡಿದುಕೊಂಡಿದ್ದೆ.

ಬಸರಿಯ ಹಾಲು ಬಿದ್ದು ಒಣಗಿ ನನ್ನ ಪಂಚೆಗಳ ಮೇಲೆಲ್ಲ ಕಂದು ಕಲೆ. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ನೆಂಟರ ಮನೆಗೆ ಅದನ್ನೇ ಉಟ್ಟುಕೊಂಡು ಹೋಗುತ್ತೇನೆಂದು ಹೆಂಡತಿಗೆ ಸಿಟ್ಟು.

ಕಾಲ ಬದಲಾಯಿತು. ಕಾಡುಮರಗಳನ್ನೆಲ್ಲ ತೆಗೆದು ಸಿಲ್ವರ್ ಓಕ್ ಹಾಕಿ, ನೆಟ್ಟಗೆ ಬೆಳೆಯುತ್ತದೆ, ಮರಗಸಿಯ ತಾಪತ್ರಯವಿಲ್ಲ ಎಂದು ಹೇಳುವವರು ಬಂದರು. ಅಕ್ಕಪಕ್ಕದವರು ಹಾಕಿದರು. ನಾವು ಗಡಿಯಲ್ಲಿ ಮಾತ್ರ ಹಾಕಿ ಮೆಣಸಿನ ಬಳ್ಳಿ ಹಬ್ಬಿಸಿದೆವು. ಶಶಿಕಲಾ ಕಾಲೇಜಿನಿಂದ ರಜೆಗೆ ಬಂದಾಗ ಬೆಳಕು ಅಳೆಯುವ ಒಂದು ಸಣ್ಣ ಮೀಟರ್ ತಂದಿದ್ದಳು. ಪಂಚೆಯ ನಾಲ್ಕು ಮೂಲೆಯಲ್ಲೂ ಇಟ್ಟು ಇಟ್ಟು ನೋಡಿದಳು. ಕೊನೆಗೆ ಅಜ್ಜಿಯ ಕಾಸಿನ ಲೆಕ್ಕವೂ ಇದೂ ಒಂದೇ ಮಾಮ ಎಂದು ಅದನ್ನು ಪೆಟ್ಟಿಗೆಗೆ ಹಾಕಿಟ್ಟಳು. ತೋಟ ನೋಡಿಕೊಳ್ಳುವುದು ತಾನೇ ಎಂದು ಅವಳು ಅಪ್ಪನಿಗೆ ಹೇಳಿದ್ದೂ ಆ ರಜೆಯಲ್ಲೇ.

ಎಂಬತ್ತರ ದಶಕ ಅರ್ಧ ಕಳೆದಾಗ ದೊಡ್ಡಮ್ಮ ಹೋದರು. ಚಳಿಗಾಲದ ಒಂದು ಮಧ್ಯಾಹ್ನ, ಕಣದ ಪಕ್ಕದಲ್ಲಿ ಒಣಗಿದ ಕಾಫಿಯನ್ನು ಬೊಗಸೆಯಲ್ಲಿ ಹಿಡಿದು ಮೂಸುತ್ತ ಕೂತವರು ಹಾಗೇ ಗೋಡೆಗೆ ಒರಗಿದರು. ನಿದ್ದೆ ಎಂದುಕೊಂಡೆವು. ಅವರನ್ನು ಅತ್ತೆಮ್ಮನ ಬ್ಲಾಕಿನ ಮೇಲಂಚಿನಲ್ಲಿ ಮಣ್ಣು ಮಾಡಿದೆವು. ಹಾಲಪ್ಪ ಬಂದು ಗುಂಡಿಗೆ ಮೂರು ಹಿಡಿ ಮಣ್ಣು ಹಾಕಿ, ಹಾಗೇ ಊರಿಗೆ ಹೊರಟುಹೋದ.

ಮರಗಸಿಯ ಕಾಲ ಬಂತು. ಅವನು ಬರುತ್ತಾನೋ ಇಲ್ಲವೋ ಎಂದು ನನಗೆ ಪುಕಪುಕ. ಕೇಳುವ ಅಮ್ಮಾವ್ರೇ ಇಲ್ಲದ ಮೇಲೆ ಅವನೇಕೆ ಬರಬೇಕು? ಆದರೆ ಎಂದಿನ ದಿನವೇ ಬಂದ, ಸೊಂಟಕ್ಕೆ ಹಗ್ಗ ಸುತ್ತಿಕೊಂಡ. ನಾನು ಗೂಟ ನೆಟ್ಟಿದ್ದ ಬಸರಿಗಳು ಆ ಹೊತ್ತಿಗೆ ಮರವಾಗಿದ್ದವು. ಅವುಗಳ ಮೊದಲ ದೊಡ್ಡ ಮರಗಸಿ ಅದು. ಅವನು ಹತ್ತಿದ. ನಾನು ಪಂಚೆ ಹಾಸಿ, ದೊಡ್ಡಮ್ಮ ಕೂರುತ್ತಿದ್ದ ಜಾಗ ಖಾಲಿ ಬಿಟ್ಟು, ಪಕ್ಕದಲ್ಲಿ ಕೂತೆ. ನಡುಹಗಲು, ಗಾಳಿ ಇರಲಿಲ್ಲ. ಒಂದು ಕೊಂಬೆ ಹಗ್ಗದಲ್ಲಿ ಇಳಿದು ಬಂತು. ಆಮೇಲೆ ಕತ್ತಿಯ ಸದ್ದು ನಿಂತಿತು.

ಎಲೆಗಳ ನಡುವೆ ಅವನ ಅಂಗಾಲು ಮಾತ್ರ ಕಾಣುತ್ತಿತ್ತು.

"ರೈಟ್ರೇ, ಏನ್ ಕಾಣ್ತದೆ?"

ಹನ್ನೆರಡು ವರ್ಷದ ಮೇಲೆ ನನ್ನನ್ನೇ ಕೇಳಿದ್ದ. ನಾನು ಪಂಚೆಯ ಕಡೆ ನೋಡಿದೆ. ಚುಕ್ಕಿಗಳೆಲ್ಲ ಒಂದರೊಳಗೊಂದು ಬೆರೆತು ಕೆರೆಯ ನೀರಾಗಿಬಿಟ್ಟಿದ್ದವು. ಅಂದಾಜಿನ ಮೇಲೆ ಏನಾದರೂ ಹೇಳಿಬಿಡಬಹುದಿತ್ತು.

"ಈಗ ನಂಗೇನೂ ಕಾಣ್ತಿಲ್ಲ ಹಾಲಣ್ಣ. ಒಂಚೂರು ತಡಿ."

"ತಡೀತೀನಿ ಬಿಡ್ರಿ" ಎಂದ.

ಕವಲಿನ ಮೇಲೆ ಕಾಲು ಇಳಿಬಿಟ್ಟು ಕೂತು ಬೀಡಿ ಹಚ್ಚಿದ. ಹೊಗೆ ಬಿಸಿಲಿನ ಕೋಲುಗಳ ನಡುವೆ ಸುತ್ತಿಕೊಳ್ಳುತ್ತ ನಿಧಾನಕ್ಕೆ ಕೆಳಗಿಳಿಯಿತು. ನಾನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡೆ. ಚುಕ್ಕಿಗಳು ಒಂದೊಂದಾಗಿ ಬಿಡಿಸಿಕೊಂಡು ತಮ್ಮ ತಮ್ಮ ಜಾಗಕ್ಕೆ ಬಂದವು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಹಳೆಯ ಕಲೆಗಳ ಮೇಲೂ, ಎಲ್ಲ ಕಡೆ ಕಾಸಗಲ. ಎರಡು ಸಲ ನೋಡಿದೆ.

"ಸಾಕು ಹಾಲಣ್ಣ, ಇಳಿ" ಎಂದೆ.

ಅವನು ಇನ್ನೊಂದು ಮಾತು ಕೇಳದೆ ಹಗ್ಗ ಬಿಚ್ಚಿಕೊಂಡು ಇಳಿದ.